ಸಾವು ಆಗಕೂಡದ ಮನೆ

ಗಂಡ ತೀರಿಕೊಂಡ ಮೇಲೆ ಚನ್ನಗಿರಿಯ ಕೊಟ್ರಮ್ಮನಿಗೆ ಉಳಿದದ್ದು ಎರಡು ಭಾಗದ ಒಂದು ಮನೆ. ಹಿಂದಿನ ಭಾಗದಲ್ಲಿ ತಾನಿದ್ದು ಮುಂದಿನದನ್ನು ಬಾಡಿಗೆಗೆ ಕೊಡುತ್ತಿದ್ದಳು. ಎಪ್ಪತ್ತೆಂಟನೇ ಇಸವಿಯಲ್ಲಿ ಅಲ್ಲಿದ್ದ ಬಾಡಿಗೆಯವರ ಮುದುಕ ಕೆಟ್ಟ ನಕ್ಷತ್ರದಲ್ಲಿ ಸತ್ತ. ಆರು ತಿಂಗಳು ಬೀಗ ಹಾಕಬೇಕು ಎಂದರು ಜೋಯಿಸರು. ಬಾಡಿಗೆಯವರು ಜಾಗ ಖಾಲಿ ಮಾಡಿದರು. ಗೆದ್ದಲು ಪುಕ್ಕಟೆ ಸಂಸಾರ ಹೂಡಿತು.

ಕೆಟ್ಟ ಮೇಲೆ ಬುದ್ಧಿ ಬಂತು. ಬೀಗ ತೆಗೆದ ದಿನವೇ ಕೊಟ್ರಮ್ಮ ತಾಲ್ಲೂಕು ಕಚೇರಿ ಮುಂದೆ ಪತ್ರ ಬರೆಯುವ ಮಹೇಶ್ವರಪ್ಪನ ಎದುರು ಕೂತಳು.

"ಈ ಸಲ ಕರಾರು ಬಿಗಿಯಾಗಿರ್ಲಿ. ಮನ್ಯಾಗೆ ಸಾವು ಆಗಬಾರ್ದು. ಕಾಯಿಲೆ ಜೋರಾದ್ರೆ ಮೊದ್ಲೇ ಕರ್ಕಂಡು ಹೋಗ್ಬೇಕು. ಹಂಗೇ ಬರೀರಿ."

"ಯಮ ಕರಾರು ಓದ್ಕಂಡು ಬರ್ತಾನೇನ್ರಮ್ಮ?"

"ಬಾಡಿಗೆಯವ್ರು ಓದ್ತಾರಲ್ಲ, ಬರೀರಿ."

ಓದಿ ರುಜು ಹಾಕಿದವನು ಗೋವಿನಕೋವಿಯ ಬಸವರಾಜಪ್ಪ, ಅಡಿಕೆ ಮಂಡಿಯ ಗುಮಾಸ್ತ. ಕೊಟ್ಟ ಮಾತಿಗೆ ತಪ್ಪದ ಆಸಾಮಿ. ಜೊತೆಗೆ ಬಂದವಳು ಅವನ ತಾಯಿ ಗಾದ್ರಮ್ಮ. ಒಂದೇ ಜಗಲಿ, ಒಂದೇ ಎಲೆಯಡಿಕೆ ತಟ್ಟೆ ಎಂದು ಶುರುವಾಗಿ ಆ ಮುದುಕಿ ಕೊಟ್ರಮ್ಮನಿಗೆ ಒಡಹುಟ್ಟಿದವಳಿಗಿಂತ ಹೆಚ್ಚಾದಳು. ಕರಾರುಪತ್ರ ಟ್ರಂಕಿನ ತಳ ಸೇರಿತು. ಬರೆಸಿದವಳಿಗೇ ಅದು ಮರೆತುಹೋಯಿತು.

ಎರಡು ವರ್ಷ ಕಳೆದು ಗಾದ್ರಮ್ಮ ಹಾಸಿಗೆ ಹಿಡಿದಳು. ಕೊಟ್ರಮ್ಮನೇ ಗಂಜಿ ಕುಡಿಸುತ್ತಿದ್ದಳು.

"ನಾನು ಇಲ್ಲೇ ಕಣ್ಮುಚ್ತೀನಿ ಕೊಟ್ರವ್ವ. ನೀನು ಪಕ್ಕದಾಗಿದ್ರೆ ಸಾಕು."

"ಇರ್ತೀನಿ ಬಿಡಕ್ಕ. ಜಗಳೂರಾಗೆ ತಂಗಿ ಮಗಳ ಮದ್ವಿ ಐತೆ. ಅಕ್ಕಿಕಾಳು ಹಾಕಿ ಓಡಿ ಬರ್ತೀನಿ."

ಓಡಿಯೇ ಬಂದಳು, ಪಾಪ. ಮುಂದಿನ ಬಾಗಿಲಿಗೆ ಬೀಗ ಬಿದ್ದಿತ್ತು. ಊರಲ್ಲಿ ತಾಯಿಯನ್ನು ಮಣ್ಣು ಮಾಡಿ ಬಂದ ಬಸವರಾಜಪ್ಪನೇ ನಡೆದದ್ದನ್ನು ಹೇಳಿದ.

"ಮೇಲುಸಿರು ಬಂತ್ರಮ್ಮ. ಊರಿಗೆ ಕರ್ಕಂಡು ಹೊಂಟೆ. ಹೊನ್ನಾಳಿ ಬಸ್‌ಸ್ಟ್ಯಾಂಡಿನ ಕಲ್ಲಬೆಂಚಿನ ಮ್ಯಾಲೆ ಹೋಗ್ಬಿಟ್ಲು."

"ಅಂಥಾ ಹೊತ್ನಾಗೆ ಆ ಜೀವಾನ ಯಾಕಪ್ಪ ಎಬ್ಬಿಸ್ದೆ?"

ಅವನು ಅವಳನ್ನೇ ನೋಡಿದ. "ಕರಾರಿತ್ತಲ್ರಮ್ಮ. ಅವ್ವ ಒಲ್ಲೆ ಅಂದ್ಲು. ಕೊಟ್ರವ್ವ ಬರ್ಲಿ ಅಂತ ಬಾಗ್ಲು ಹಿಡ್ಕಂಡ್ಲು. ನಾನೇ ಕೈ ಬಿಡಿಸ್ದೆ. ನಿಮ್ಮ ಮನಿಗೆ ಏನೂ ಆಗಿಲ್ಲ ಬಿಡ್ರಿ."

ಕೊಟ್ರಮ್ಮ ಅದೇ ಬಾಗಿಲ ಚೌಕಟ್ಟು ಹಿಡಿದು ಕುಸಿದಳು. ನಾನೇ ಬರೆಸಿದ್ದು, ನಾನೇ ಬರೆಸಿದ್ದು ಎಂದು ಎದೆ ಬಡಿದುಕೊಂಡು ಅತ್ತಳು.

ಬಸವರಾಜಪ್ಪ ಮನೆ ಬಿಟ್ಟ ಮೇಲೆ ಬಾಡಿಗೆ ಕೇಳಿಕೊಂಡು ಜನ ಬಂದರು. ಕೊಟ್ರಮ್ಮ ಯಾರಿಗೂ ಬೀಗ ತೆಗೆಯಲಿಲ್ಲ.

"ಮನ್ಯಾಗೆ ಸಾವಾಗೇತೆ," ಎಂದು ಹೇಳಿ ಕಳಿಸಿದಳು. "ಆರು ತಿಂಗ್ಳು ಬಿಟ್ಟು ಬರ್ರಿ."