ಏಲಿಗೆ ಕೇಳಿಸಲಿಲ್ಲ

ಸವಾಯಿ ದ್ವೀಪದ ನಮ್ಮ ಊರಿನಲ್ಲಿ ಮೂವತ್ತೊಂದು ವರ್ಷದಿಂದ ಭಾನುವಾರದ ಮಕ್ಕಳ ಶಾಲೆ ನಡೆಸುತ್ತಿರುವವಳು ನಾನು, ಫುವಾತಿನೊ. ಅಷ್ಟೂ ವರ್ಷ ನಾನು ಏಲಿಯನ್ನು ಬೈದುಕೊಂಡೇ ಬಂದೆ. ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಏಲಿ ಅಂದರೆ ಬೈಬಲಿನ ಮುದಿ ಯಾಜಕ. ಅವನ ಬಳಿ ಬೆಳೆಯುತ್ತಿದ್ದ ಪುಟ್ಟ ಸಮುವೇಲನಿಗೆ ಮಲಗಿದ್ದಾಗ ಯಾರೋ ಹೆಸರು ಹಿಡಿದು ಕರೆದದ್ದು ಕೇಳಿಸುತ್ತದೆ. ಹುಡುಗ ಎದ್ದು ಏಲಿಯ ಹತ್ತಿರ ಓಡುತ್ತಾನೆ. 'ನಾನು ಕರೆಯಲಿಲ್ಲ, ಹೋಗಿ ಮಲಗು' ಎನ್ನುತ್ತಾನೆ ಏಲಿ. ಮತ್ತೆ ಕರೆ, ಮತ್ತೆ ಓಟ, ಮತ್ತೆ ಅದೇ ಉತ್ತರ. ಮೂರನೆಯ ಸಲಕ್ಕೆ ಮುದುಕನಿಗೆ ಹೊಳೆಯುತ್ತದೆ, ಕರೆಯುತ್ತಿರುವವನು ದೇವರು ಅಂತ.

"ಮೂರು ಸಲ ಬೇಕಾಯ್ತು ನೋಡ್ರೋ ಆ ಮುದುಕಂಗೆ," ಎಂದು ಪ್ರತಿ ವರ್ಷವೂ ಮಕ್ಕಳಿಗೆ ಹೇಳುತ್ತಿದ್ದೆ. "ದೇವರ ಮನೇಲೇ ಕೂತಿದ್ದ, ಕಿವಿ ಮಾತ್ರ ಎಲ್ಲೋ ಇತ್ತು. ನೀವು ಹಂಗಾಗ್ಬೇಡಿ." ಮಕ್ಕಳು ನಗುತ್ತಿದ್ದರು. ನನಗೂ ನನ್ನ ಮಾತು ಕೇಳಿ ಖುಷಿಯಾಗುತ್ತಿತ್ತು.

ಈ ವರ್ಷ ಅಕ್ಟೋಬರಿನ ಬಿಳಿ ಭಾನುವಾರಕ್ಕೆ ಇದೇ ಕಥೆಯ ನಾಟಕ. ಆ ದಿನ ಮಕ್ಕಳದೇ ರಾಜ್ಯ. ಬಿಳಿ ಬಟ್ಟೆ ತೊಟ್ಟು ಅವರು ಆರಾಧನೆ ನಡೆಸುತ್ತಾರೆ, ಊಟಕ್ಕೆ ಅವರೇ ಮೊದಲು, ಬಡಿಸುವವರು ನಾವು. ಸಮುವೇಲನ ಪಾತ್ರ ಲೆಪೆಕಾಗೆ, ಏಲಿಯದು ನನಗೆ. ಲೆಪೆಕಾ ನನ್ನಣ್ಣ ಯೋಸೆಫೊನ ಮೊಮ್ಮಗಳು, ಏಳು ವರ್ಷದವಳು. ನಾವೆಲ್ಲ ಒಂದೇ ಮನೆ.

ಶನಿವಾರ ಮಧ್ಯಾಹ್ನ ಕೊನೆಯ ಅಭ್ಯಾಸ. ಗೋಡೆಯಿಲ್ಲದ, ಬರೀ ಕಂಬಗಳ ನಮ್ಮ ಮನೆಯೊಳಗೆ ಗಾಳಿ ಒಂದು ಕಡೆಯಿಂದ ಬಂದು ಇನ್ನೊಂದು ಕಡೆಗೆ ಹೋಗುತ್ತಿತ್ತು. ಕಂಬಗಳ ನೆರಳು ಚಾಪೆಯ ಮೇಲೆ ನಿಧಾನವಾಗಿ ಸರಿಯುತ್ತಿತ್ತು. ಮಕ್ಕಳಿಗೆ ಕಣ್ಣು ಮುಚ್ಚಲು ಹೇಳಿದೆ. ಯಾರಿಗೆ ಯಾವ ಸಣ್ಣ ಸದ್ದು ಕೇಳಿಸುತ್ತದೋ ಹೇಳಬೇಕು. ಇದು ನಾನೇ ಕಟ್ಟಿದ ಆಟ.

ಒಬ್ಬ ಕೋಳಿ ಎಂದ. ಒಬ್ಬಳು ದೂರದ ಬಸ್ಸು ಎಂದಳು. ಲೆಪೆಕಾ ತುಂಬ ಹೊತ್ತು ಕಿವಿಗೊಟ್ಟು, "ಆಚೆ ತೆಂಗಿನ ಚಿಪ್ಪಲ್ಲಿ ಇರುವೆ ಓಡಾಡ್ತಿವೆ," ಎಂದಳು.

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ಸಿಟ್ಟು ಬಂತು. "ಕೇಳಿಸಿದ್ದು ಹೇಳು ಅಂದ್ರೆ ಕಥೆ ಕಟ್ತೀಯಲ್ಲೇ. ಇನ್ನೊಂದು ಸಲ ಹಿಂಗೆ ಬುರುಡೆ ಬಿಟ್ಯೋ, ಸಮುವೇಲನ ಪಾರ್ಟು ಬೇರೆಯವರಿಗೆ ಕೊಡ್ತೀನಿ."

ಅವಳು ತುಟಿ ಕಚ್ಚಿಕೊಂಡಳು. ಚಿಪ್ಪು ಹತ್ತೇ ಹೆಜ್ಜೆ ಆಚೆ ಬಿದ್ದಿತ್ತು. ನಾನು ಎದ್ದು ಹೋಗಿ ನೋಡಲಿಲ್ಲ.

ಅಣ್ಣ ಆಗಲೇ ದೋಣಿ ಇಳಿಸಿಕೊಂಡು ಹವಳದ ದಂಡೆಯ ಕಡೆ ಹೋಗಿದ್ದ. ಹಬ್ಬದೂಟಕ್ಕೆ ಆಕ್ಟೋಪಸ್ ಬೇಕು ಅಂತ ಮೊಮ್ಮಗಳು ಕೇಳಿದ್ದಳು. ಎಪ್ಪತ್ತೆರಡು ವರ್ಷದವನು, ಒಬ್ಬನೇ ಹೋಗಬೇಡ ಅಂದರೆ ಕೇಳುವ ಆಸಾಮಿಯಲ್ಲ. ನಮ್ಮ ಚರ್ಚಿನ ಗಂಟೆ ಹೊಡೆಯುವವನೂ ಅವನೇ. ಗಂಟೆ ಅಂದರೆ ಹಲಸಿನ ಜಾತಿಯ ಮರಕ್ಕೆ ತೂಗುಹಾಕಿದ ಖಾಲಿ ಗ್ಯಾಸ್ ಸಿಲಿಂಡರು. ಬೇಗ ಬೇಗ ಎರಡು ಏಟು, ಆಮೇಲೆ ಉಸಿರು ತೆಗೆದುಕೊಳ್ಳುವಷ್ಟು ಬಿಡುವು, ಆಮೇಲೆ ಒಂದು. ಬೇರೆ ಯಾರಿಗೂ ಆ ಲಯ ಬರುವುದಿಲ್ಲ.

ಸೂರ್ಯ ಮುಳುಗಿದ. ಸಮುದ್ರ ಮೊದಲು ಬಂಗಾರವಾಯಿತು, ಆಮೇಲೆ ಬೂದಿಯ ಬಣ್ಣಕ್ಕೆ ತಿರುಗಿತು. ಶಂಖ ಊದಿದರು. ಶಂಖವಾದ ಮೇಲೆ ನಮ್ಮೂರಲ್ಲಿ ಯಾರೂ ರಸ್ತೆಗಿಳಿಯುವಂತಿಲ್ಲ, ಮನೆಮನೆಯಲ್ಲೂ ಪ್ರಾರ್ಥನೆ. ಹೊರಗಿದ್ದವರು ಹತ್ತಿರದ ಯಾವುದೋ ಮನೆ ಹೊಕ್ಕು ಅವರ ಜೊತೆಗೇ ಕೂತುಬಿಡುತ್ತಾರೆ.

"ಅಪ್ಪ ಬರ್ಲಿಲ್ಲ," ಎಂದಳು ಅಣ್ಣನ ಮಗಳು, ಲೆಪೆಕಾಳ ತಾಯಿ ಸಿನಾಪಾಟಿ.

"ದಡದಲ್ಲಿ ಶಂಖ ಕೇಳಿಸಿರುತ್ತೆ, ಅಲ್ಲೇ ಪಕ್ಕದ ತಾವಿತನ ಮನೇಲಿ ಕೂತಿರ್ತಾನೆ. ಅವರ ಮನೇಲಿ ಚಹಾ ಚೆನ್ನಾಗಿರುತ್ತಲ್ಲ," ಎಂದೆ. ಒಂದು ಸಲ ಸಮುದ್ರದ ಕಡೆ ನೋಡಿದೆ, ನಿಜ. ಆದರೆ ಆ ಹೊತ್ತಿನಲ್ಲಿ ಇಲ್ಲದವರೆಲ್ಲ ಇನ್ನೊಂದು ಮನೆಯಲ್ಲಿರುತ್ತಾರೆ ಎಂದು ನಂಬಿಯೇ ನಾವು ಬದುಕಿದವರು.

ಹಾಡು ಶುರುವಾಯಿತು. ನಮ್ಮ ಮನೆಯ ಹಾಡು ಮುಗಿಯುವ ಮೊದಲೇ ಪಕ್ಕದ ಮನೆಯದು ಎದ್ದು, ಅದರಾಚೆ ಇನ್ನೊಂದು ಎದ್ದು, ಇಡೀ ಊರು ನಿದ್ದೆಯಲ್ಲಿ ಹಾಡುತ್ತಿರುವ ಹಾಗಿತ್ತು. ನನ್ನ ಕಣ್ಣು ತಾನಾಗಿ ಮುಚ್ಚಿತು. ಯಾರೋ ಮೊಣಕೈ ಮುಟ್ಟಿದರು. ಲೆಪೆಕಾ.

"ಅಜ್ಜಿ, ಅಜ್ಜ ಗಂಟೆ ಹೊಡೀತಿದಾರೆ."

"ಈ ಹೊತ್ತಲ್ಲಿ ಎಂಥ ಗಂಟೆ? ಹೋಗಿ ಕೂತ್ಕೋ."

ಹೋಗಿ ಕೂತಳು. ಸಿನಾಪಾಟಿ ವಾಕ್ಯ ಓದಲು ಶುರು ಮಾಡಿದಾಗ ಮತ್ತೆ ಬಂದಳು.

"ಗಂಟೆ ಅಲ್ಲ ಅಜ್ಜಿ, ಮರದ ಸದ್ದು. ಆದ್ರೆ ಹೊಡೀತಿರೋದು ಅಜ್ಜನೇ. ಎರಡು, ಆಮೇಲೆ ಒಂದು."

"ಪಾರ್ಟು ಬೇಡ್ವಾ ನಿಂಗೆ?" ಎಂದು ಹಲ್ಲು ಕಚ್ಚಿ ಪಿಸುಗುಟ್ಟಿದೆ. "ಹೋಗು."

ನಾನು ಪ್ರಾರ್ಥನೆ ಹೇಳುತ್ತಿದ್ದೆ. ಸಮುದ್ರದಲ್ಲಿರುವವರನ್ನು ಕಾಪಾಡು ಎಂಬ ಮಾತು ದಿನವೂ ಬರುತ್ತದೆ, ಅವತ್ತೂ ಬಾಯಿಗೆ ಬಂತು. ಕಣ್ಣು ಬಿಟ್ಟೆ. ಲೆಪೆಕಾ ನನ್ನೆದುರು ನಿಂತಿದ್ದಳು, ಕೆನ್ನೆ ಒದ್ದೆಯಾಗಿತ್ತು.

"ಪಾರ್ಟು ಬೇಡ ಅಜ್ಜಿ," ಎಂದಳು. "ಯಾರಿಗಾದ್ರೂ ಕೊಡಿ. ಅಜ್ಜ ನಿಧಾನ ಹೊಡೀತಿದಾರೆ ಈಗ."

ಮೂರನೆಯ ಸಲ. "ಎಲ್ಲರೂ ಸುಮ್ನಿರಿ," ಎಂದೆ. ಉಸಿರು ಬಿಗಿಹಿಡಿದು ಕಿವಿಗೊಟ್ಟೆ. ದಂಡೆಗೆ ಬಡಿಯುವ ಅಲೆ ಕೇಳಿಸಿತು. ಹಾಡುಗಳು ಕೇಳಿಸಿದವು. ಬೇರೇನೂ ಇಲ್ಲ. ಮತ್ತೊಮ್ಮೆ ಕೇಳಿದೆ. ಏನೂ ಇಲ್ಲ.

ಆಗ ನೆನಪಾಯಿತು. ಆ ಕಥೆಯಲ್ಲಿ ಏಲಿಗೂ ಕೊನೆಯವರೆಗೆ ಏನೂ ಕೇಳಿಸುವುದಿಲ್ಲ. ಅವನು ಮಗುವನ್ನು ನಂಬಿದ, ಅಷ್ಟೇ. ಮೂವತ್ತೊಂದು ವರ್ಷ ಆ ಕಥೆ ಹೇಳಿದ್ದೇನೆ, ಇದು ಮಾತ್ರ ನನ್ನ ತಲೆಗೆ ಹೋಗಿರಲಿಲ್ಲ.

ಅವಳ ಕೈ ಹಿಡಿದುಕೊಂಡು ರಸ್ತೆಗಿಳಿದೆ. ಶಂಖದ ನಂತರ ಕಾವಲು ನಿಲ್ಲುವ ಹುಡುಗರಲ್ಲಿ ಮಾಲಾಕಿ ಎಂಬವನು ಓಡಿ ಬಂದ.

"ಅಜ್ಜಿ, ಶಂಖ ಕೇಳಿಸ್ಲಿಲ್ವಾ?"

"ಕೇಳಿಸ್ತು. ಮೋಟಾರ್ ದೋಣಿ ಇಳಿಸು. ಯೋಸೆಫೊ ನೀರಲ್ಲಿದಾನೆ."

ಅವನು ಸಮುದ್ರದ ಕಡೆ ತಿರುಗಿ ಕಿವಿಗೊಟ್ಟ. "ನಂಗೇನೂ ಕೇಳಿಸ್ತಿಲ್ವಲ್ಲ. ನಿಮಗೆ?"

"ನಂಗೂ ಇಲ್ಲ."

"ಮತ್ತೆ?"

"ಇವಳಿಗೆ ಕೇಳಿಸ್ತಿದೆ. ದಂಡ ಏನಿದ್ರೂ ನಾಳೆ ಹಾಕು, ಈಗ ದೋಣಿ ಇಳಿಸು ಮಾರಾಯ."

ನನ್ನ ಮುಖದಲ್ಲಿ ಏನು ಕಂಡನೋ, ಶಿಳ್ಳೆ ಹೊಡೆದು ಉಳಿದವರನ್ನು ಕರೆದ. ಲೆಪೆಕಾ ಕೈ ಚಾಚಿ ದಿಕ್ಕು ತೋರಿಸಿದಳು. ದೋಣಿ ಕತ್ತಲಲ್ಲಿ ಕರಗಿತು. ಮರಳಿನ ಮೇಲೆ ಅವಳನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಹಿಂದೆ ಊರಿನ ಹಾಡುಗಳು ಒಂದೊಂದಾಗಿ ಮುಗಿದವು.

"ಈಗ್ಲೂ ಕೇಳಿಸ್ತಿದ್ಯಾ?"

"ಮೋಟಾರ್ ಸದ್ದು," ಎಂದಳು. "ಅಜ್ಜ ನಿಲ್ಸಿದಾರೆ."

ನಿಲ್ಲಿಸಿದ್ದಾನೆ ಎಂದರೆ ಏನರ್ಥ ಎಂದು ಯೋಚಿಸುತ್ತ ಕೂತ ಆ ಹೊತ್ತು ನನ್ನ ಆಯುಷ್ಯದಲ್ಲೇ ಉದ್ದನೆಯದು. ಏಲಿಯನ್ನು ಬೈದದ್ದಕ್ಕೆಲ್ಲ ದೇವರಲ್ಲಿ ಕ್ಷಮೆ ಕೇಳಿದೆ.

ಅವನನ್ನು ಕರೆತಂದರು. ಹವಳದ ದಂಡೆಯ ಅಂಚಿನಲ್ಲಿ ದೋಣಿ ಮಗುಚಿತ್ತಂತೆ, ಒಂದು ತೋಳು ಮುರಿದಿತ್ತು, ಇನ್ನೊಂದು ಕೈಯಲ್ಲಿ ಹುಟ್ಟು ಹಿಡಿದು ದೋಣಿಯ ತಳಕ್ಕೆ ಬಡಿಯುತ್ತಿದ್ದನಂತೆ. ಮಾಲಾಕಿಯ ದೋಣಿ ತಲುಪಿದಾಗ ಹುಟ್ಟು ಕೈಜಾರಿ ಹೋಗಿತ್ತು. ಬಂದವನೇ ನಡುಗುತ್ತ ನನ್ನನ್ನು ಗದರಿದ. "ಹಾಡು ಹಾಡ್ತಾ ಕೂತಿದ್ರೇನೇ ಎಲ್ಲರೂ?"

"ಹೂಂ, ಕೂತಿದ್ವಿ," ಎಂದೆ. ಅತ್ತುಬಿಟ್ಟೆ.

ಮರುದಿನ ಅಣ್ಣ ಕಟ್ಟು ಹಾಕಿದ ತೋಳಿನೊಂದಿಗೆ ಚರ್ಚಿನ ಮುಂದಿನ ಬೆಂಚಿನಲ್ಲಿ ಕೂತಿದ್ದ. ನಾನು ಗಡ್ಡ ಅಂಟಿಸಿಕೊಂಡು ಏಲಿಯಾಗಿ ಚಾಪೆಯ ಮೇಲೆ ಮಲಗಿದ್ದೆ. ಬಿಳಿ ಬಟ್ಟೆ ತೊಟ್ಟ ಲೆಪೆಕಾ ಓಡಿ ಬಂದು, "ಕರೆದ್ರಾ? ಇಲ್ಲಿದೀನಿ," ಎಂದಳು.

ಹೋಗಿ ಮಲಗು ಎನ್ನಬೇಕು. ಅದನ್ನು ಬಿಟ್ಟು ಎದ್ದು ಕೂತೆ. "ಏನು ಕೇಳಿಸ್ತು ಮಗು?" ಎಂದೆ.

ಜನ ನಕ್ಕರು. ಪಾದ್ರಿಗಳು ಗಾಬರಿಯಿಂದ ಬೈಬಲ್ ತಿರುವತೊಡಗಿದರು. ಲೆಪೆಕಾ ಬಗ್ಗಿ ನನ್ನ ಕಿವಿಯಲ್ಲಿ, "ಅಜ್ಜಿ, ಇದು ಮೊದಲನೇ ಸಲ. ಮೂರನೇದಲ್ಲ," ಎಂದಳು.

"ಗೊತ್ತು," ಎಂದೆ. "ಹೇಳು."

ಅವಳು ನನ್ನ ಪಕ್ಕ ಚಾಪೆಯ ಮೇಲೆ ಕೂತು, ಕೇಳಿಸಿದ್ದನ್ನೆಲ್ಲ ಇರುವೆಗಳಿಂದ ಶುರುಮಾಡಿ ಹೇಳತೊಡಗಿದಳು. ನಾನು ಕೇಳುತ್ತ ಕೂತೆ.