ಮೆಣಸಿಗೆ ಮಾಡಿದ ಬಿಸ್ಕತ್ತು

"ನಮ್ಮನೆ ನಾಯಿ ನಾವು ತಿನ್ನೋದನ್ನೇ ತಿನ್ನುತ್ತೆ" ಅಂತ ಹೆಮ್ಮೆಯಿಂದ ಹೇಳುವ ಮನೆ ಯಾವ ಬೀದಿಯಲ್ಲಿಲ್ಲ? ಬೇಕರಿಯವರ ಮನೆಯೂ ಅಂಥದ್ದೇ. ಅವರು ಊಟಕ್ಕೆ ಕೂತರೆ ಸಾಕು, ಮೆಣಸು ಬಂದು ಅವರ ಮಂಡಿಯ ಮೇಲೆ ಗದ್ದ ಇಟ್ಟು ಕಾಯುತ್ತಿತ್ತು. ಮೆಣಸು ಅಂದರೆ ಅವರ ಕರಿ ಹೆಣ್ಣುನಾಯಿ. ಆಳು ಚಿಕ್ಕದು, ಬಾಯಿ ಮಾತ್ರ ಜೋರು.

ಆ ಜೋರು ಬಾಯಿಯೇ ಒಂದು ಜೀವ ಉಳಿಸಿತು. ಬೇಕರಿಯವರ ಅತ್ತೆ ಮನೆಯಲ್ಲಿ ಒಬ್ಬರೇ ಇದ್ದಾಗ ಬಚ್ಚಲಲ್ಲಿ ಜಾರಿ ಬಿದ್ದರು. ಎದ್ದೇಳಲು ಆಗಲಿಲ್ಲ, ಕೂಗಲು ದನಿ ಬರಲಿಲ್ಲ. ಮೆಣಸು ಬೀದಿ ಬಾಗಿಲಿಗೆ ಬಂದು ಬೊಗಳಿದ್ದೇ ಬೊಗಳಿದ್ದು. ಬೈಯಲೆಂದು ಬಂದ ಎದುರು ಮನೆಯವರೇ ಅಜ್ಜಿಯನ್ನು ಎತ್ತಿ ಆಸ್ಪತ್ರೆಗೆ ಸಾಗಿಸಿದರು.

ಅತ್ತೆ ಕೋಲೂರಿಕೊಂಡು ಮನೆಗೆ ಬಂದ ದಿನ ಬೇಕರಿಯವರಿಗೆ ಸುಮ್ಮನೆ ಕೂರಲಾಗಲಿಲ್ಲ. ಪ್ರೀತಿಯನ್ನು ಬಾಯಿಬಿಟ್ಟು ಹೇಳುವ ಜನ ಅವರಲ್ಲ. ಹೆಂಡತಿ ಮುನಿಸಿಕೊಂಡರೂ ಅಷ್ಟೇ, ನೆಂಟರು ಬಂದರೂ ಅಷ್ಟೇ, ಹಿಟ್ಟು ಕಲಸಲು ಕೂತುಬಿಡುವುದೇ ಅವರ ಮಾತು. ಆ ಸಂಜೆ ಬೆಣ್ಣೆ, ಸಕ್ಕರೆ ಸುರಿದು, ಧಾರಾಳವಾಗಿ ಒಣದ್ರಾಕ್ಷಿ ಬೆರೆಸಿ, ಮೂಳೆಯ ಆಕಾರದಲ್ಲಿ ಬಿಸ್ಕತ್ತು ಕತ್ತರಿಸಿ ಬೇಯಿಸಿದರು. ಮೆಣಸು ತಟ್ಟೆ ನೆಕ್ಕಿ ಹೊಳೆಯುವಂತೆ ಮಾಡಿತು.

ಅಷ್ಟರಲ್ಲಿ ಪಕ್ಕದ ಮನೆಯ ಡಾಕ್ಟರಮ್ಮ ಅಜ್ಜಿಯನ್ನು ನೋಡಲು ಬಂದರು. ಆಕೆ ಪಶುವೈದ್ಯೆ.

"ಏನಣ್ಣ, ಬೀದಿಗೆಲ್ಲ ಘಮಘಮ ಅಂತಿದೆ?"

"ನಮ್ಮ ಮೆಣಸಿಗೆ ಸನ್ಮಾನ, ಡಾಕ್ಟರಮ್ಮ! ನೀವೂ ಒಂದು ತಗೊಳ್ಳಿ."

ಡಾಕ್ಟರಮ್ಮ ಒಂದನ್ನು ಮುರಿದು ನೋಡಿದರು. ನಗು ಅಲ್ಲೇ ನಿಂತಿತು.

"ಒಣದ್ರಾಕ್ಷಿ ಹಾಕಿದ್ದೀರಾ? ಇದನ್ನ ಯಾವಾಗ ತಿಂದಳು?"

"ಈಗ ತಾನೇ. ಯಾಕೆ?"

"ಏಳಿ, ಕ್ಲಿನಿಕ್‌ಗೆ ಹೋಗೋಣ. ದ್ರಾಕ್ಷಿ ಹಸಿಯದಾಗಲಿ, ಒಣಗಿದ್ದಾಗಲಿ, ನಾಯಿಯ ಮೂತ್ರಪಿಂಡಾನೇ ಕೆಡಿಸಿಬಿಡಬಹುದು."

ಬೇಕರಿಯವರು ನಕ್ಕುಬಿಟ್ಟರು. "ಒಲೆ ಮುಂದೆ ಬೆಂದು ಬೆಳೆದವನು ನಾನು. ನನ್ನ ಕೈತಿಂಡಿಯಿಂದ ಇವತ್ತಿನ ತನಕ ಯಾರಿಗೂ ಹೊಟ್ಟೆನೋವು ಬಂದಿಲ್ಲ."

"ಮನುಷ್ಯರಿಗೆ ಬಂದಿಲ್ಲ ಅಣ್ಣ. ಇದು ನಾಯಿ."

"ಹಿಂದೆಯೂ ಒಂದೆರಡು ದ್ರಾಕ್ಷಿ ತಿಂದಿದ್ದಾಳೆ, ಏನೂ ಆಗಲಿಲ್ಲ. ಈಗಲೂ ನೋಡಿ, ಹೇಗೆ ಬಾಲ ಅಲ್ಲಾಡಿಸ್ತಿದ್ದಾಳೆ!"

"ಯಾವ ನಾಯಿಗೆ ಎಷ್ಟು ತಿಂದರೆ ಆಪತ್ತು ಅಂತ ಮೊದಲೇ ಹೇಳೋಕಾಗಲ್ಲ. ಮೊದಮೊದಲು ಚೆನ್ನಾಗೇ ಇರ್ತವೆ. ಬಾಲ ನಿಲ್ಲೋ ಹೊತ್ತಿಗೆ ಕಾಲ ಮಿಂಚಿರುತ್ತೆ."

ಬೇಕರಿಯವರ ಮುಖ ಸಣ್ಣದಾಯಿತು. "ಹಾಗಾದ್ರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲಾ?"

"ಬೇಡವೇ ಬೇಡ! ಅಷ್ಟು ಉಪ್ಪೂ ನಾಯಿಗೆ ವಿಷವೇ. ಮನೆಮದ್ದಿಗೆ ಕೈ ಹಾಕಬೇಡಿ."

ಆದರೂ ಅವರ ಕಾಲು ಏಳಲಿಲ್ಲ. ತಾನು ಮಾಡಿದ ತಿಂಡಿ ವಿಷವಾಗುವುದು ಹೇಗೆ? ಆಗ ಮಂಚದ ಮೇಲಿಂದ ಅತ್ತೆ ಅಂದರು: "ಅಳಿಯಂದಿರೇ, ನಾನು ಬಿದ್ದಾಗ ಅದು 'ಮುದುಕಿ ಉಸಿರಾಡ್ತಿದ್ದಾಳಲ್ಲ, ಆಮೇಲೆ ನೋಡೋಣ' ಅಂದುಕೊಂಡಿದ್ರೆ?"

ಬೇಕರಿಯವರು ತಟ್ಟನೆ ನಾಯಿಯನ್ನು ಎತ್ತಿಕೊಂಡರು.

ಕ್ಲಿನಿಕ್ಕಿನಲ್ಲಿ ಚುಚ್ಚುಮದ್ದು ಕೊಟ್ಟು ವಾಂತಿ ಮಾಡಿಸಿದರು. ಉಬ್ಬಿದ ದ್ರಾಕ್ಷಿಗಳು ಒಂದೊಂದಾಗಿ ಹೊರಬಿದ್ದವು. ಆಮೇಲೆ ಡ್ರಿಪ್ ಹಾಕಿ, ರಕ್ತ ಪರೀಕ್ಷೆ ಮಾಡುತ್ತಾ ಕೆಲವು ದಿನ ಅಲ್ಲೇ ಇಟ್ಟುಕೊಂಡರು. ಬೇಕರಿಯವರು ಬೆಂಚಿನ ಮೇಲೆ ಕೂತು ತಮ್ಮ ಅಂಗೈಯನ್ನೇ ನೋಡುತ್ತಿದ್ದರು. ಹಿಟ್ಟಿನ ಹದ ಬಲ್ಲ ಕೈ ಅದು. ತಿನ್ನುವವರು ಯಾರು ಅಂತ ಮಾತ್ರ ಕೇಳಿರಲಿಲ್ಲ.

ಮೆಣಸು ಬದುಕಿತು. ಹೊತ್ತಿಗೆ ಸರಿಯಾಗಿ ಕರೆತಂದದ್ದಕ್ಕೆ ಮೂತ್ರಪಿಂಡ ಕೆಡಲಿಲ್ಲ. ಆದರೆ ಮನೆಗೆ ಬಂದ ಮೇಲೆ ಬೇಕರಿಯವರು ಅದಕ್ಕೆ ತಮ್ಮ ಕೈಯಿಂದ ಒಂದು ತುಣುಕೂ ಕೊಡಲಿಲ್ಲ. ಅದು ಮಂಡಿಗೆ ಗದ್ದ ತಾಗಿಸಿದರೆ ಮುಖ ತಿರುಗಿಸಿ ಎದ್ದುಹೋಗುತ್ತಿದ್ದರು.

"ಅದೇನು ತಪ್ಪು ಮಾಡ್ತು ಅಂತ ಈ ಶಿಕ್ಷೆ?" ಅಂತ ಹೆಂಡತಿ ಗದರಿ, ಡಾಕ್ಟರಮ್ಮನನ್ನೇ ಕರೆದರು.

"ಕೊಡಬೇಡಿ ಅಂದವರು ಯಾರಣ್ಣ? ತಿಳ್ಕೊಂಡು ಕೊಡಿ," ಅಂದರು ಡಾಕ್ಟರಮ್ಮ. "ಸಿಹಿಗುಂಬಳ ಬೇಯಿಸಿ ಹಿಸುಕಿ. ಒಂದು ಮೊಟ್ಟೆ, ಹಿಡಿಸುವಷ್ಟು ಗೋಧಿಹಿಟ್ಟು. ಅಷ್ಟೇ."

"ಉಪ್ಪು? ಸಕ್ಕರೆ?"

"ಎರಡೂ ಬೇಡ."

"ಉಬ್ಬಿ ಬರೋಕೆ ಸ್ವಲ್ಪ ಯೀಸ್ಟ್?"

"ಅಯ್ಯೋ, ಅದೂ ಬೇಡ. ಹಸಿ ಯೀಸ್ಟ್ ಹಿಟ್ಟನ್ನ ಕದ್ದು ತಿಂದರೆ ಅದು ಹೊಟ್ಟೆಯೊಳಗೇ ಉಬ್ಬುತ್ತೆ. ತೆಳ್ಳಗೆ ಲಟ್ಟಿಸಿ, ಉಗುರಿನಷ್ಟು ಚೂರು ಮಾಡಿ, ಗರಿಗರಿಯಾಗಿ ಬೇಯಿಸಿ. ಫ್ರಿಜ್ಜಲ್ಲಿಡಿ. ದಿನಕ್ಕೆ ಒಂದೆರಡು ಚೂರು ಸಾಕು, ಇದು ಊಟಕ್ಕೆ ಬದಲಲ್ಲ. ಮೊದಲ ಸಲ ಚೂರೇ ಚೂರು ಕೊಟ್ಟು, ವಾಂತಿ, ಭೇದಿ, ಕೆರೆತ ಏನಾದ್ರೂ ಆಗುತ್ತಾ ನೋಡಿ."

ಬೇಕರಿಯವರು ಬೇಯಿಸಿ, ಮೊದಲ ಚೂರನ್ನು ತಾವೇ ಬಾಯಿಗೆ ಹಾಕಿಕೊಂಡು ಮುಖ ಕಿವುಚಿದರು. "ಏನು ಸಪ್ಪೆ! ಇದನ್ನ ಅಂಗಡೀಲಿಟ್ರೆ ಗಿರಾಕಿಗಳು ನನ್ನ ಮೇಲೇ ಎಸೀತಾರೆ."

"ನಾಲ್ಕು ಕಾಲಿನ ಗಿರಾಕಿಯನ್ನ ಕೇಳಿ ನೋಡಿ."

ಬೇಕರಿಯವರು ಅಂಗೈ ಚಾಚಿದರು. ಮೆಣಸು ಮೂಸಿತು, ಕಟುಂ ಎಂದು ಕಡಿದು ನುಂಗಿತು, ಇನ್ನೊಂದು ಇದೆಯಾ ಅಂತ ಅವರ ಬೆರಳೆಲ್ಲ ನೆಕ್ಕಿತು. ಬೇಕರಿಯವರು ತಲೆ ಬಗ್ಗಿಸಿ ಕಣ್ಣೊರೆಸಿಕೊಂಡರು.

ನಾಯಿ ಸಾಕಿದ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ನಾಯಿಗೂ ಮನೆಯಲ್ಲೇ ತಿಂಡಿ ಮಾಡಿ ಕೊಡಿ, ಅದರಲ್ಲಿ ತಪ್ಪೇನಿಲ್ಲ. ಆದರೆ ದ್ರಾಕ್ಷಿ, ಚಾಕೊಲೇಟ್, ಈರುಳ್ಳಿ, ಬೆಳ್ಳುಳ್ಳಿ ಬೇಡ. ಸಕ್ಕರೆಗೆ ಬದಲಾಗಿ ಬಳಸುವ ಝೈಲಿಟಾಲ್ ಅಂತೂ ಬೇಡವೇ ಬೇಡ. ಬೇಯಿಸಿದ ಮೂಳೆಯನ್ನೂ ಹಾಕಬೇಡಿ, ಅದು ಸೀಳಿ ಗಂಟಲು, ಕರುಳಿಗೆ ಚುಚ್ಚುತ್ತದೆ. ಕಾಯಿಲೆಯಿದ್ದ ನಾಯಿಯಾದರೆ ಏನು ಕೊಡುವ ಮೊದಲೂ ಪಶುವೈದ್ಯರನ್ನು ಕೇಳಿ. ಕೊಡಬಾರದ್ದನ್ನು ನಾಯಿ ತಪ್ಪಿ ತಿಂದದ್ದು ಗೊತ್ತಾದರೆ "ನೋಡೋಣ" ಅಂತ ಕಾಯದೆ, ಕೂಡಲೇ ಅವರಿಗೆ ಫೋನ್ ಮಾಡಿ.

ನಾಯಿಗೆ ಓದಲು ಬಾರದು, ಒಳಗೇನು ಬೆರೆಸಿದ್ದೀರಿ ಅಂತ ಕೇಳಲೂ ಬಾರದು. ಕೊಟ್ಟವರು ನೀವು ಅನ್ನುವ ಒಂದೇ ನಂಬಿಕೆಯ ಮೇಲೆ ಅದು ಬಾಯಿ ತೆರೆಯುತ್ತದೆ. ಆ ನಂಬಿಕೆಗೆ ತಕ್ಕ ತುತ್ತು ಕೊಡಿ.