ಬದುಕಿದ್ದ ಪಬ್ಬಿಗೆ ವೈಕುಂಠ ಸಮಾರಾಧನೆ

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಲಿ ಎಂದು ಡಿಂಪ್ನಾ ಗ್ಯಾಫ್ನಿಯನ್ನು ಕೇಳಿದೆ. "ಬಾಗಿಲಿಂದ ಶುರು ಮಾಡು. ಪಬ್ಬಿಗೆ ಎಲ್ರೂ ಅಲ್ಲಿಂದಲೇ ಬರೋದು" ಎಂದಳು. ಆದರೆ ಅವಳ ಪಬ್ಬಿನ ಬಾಗಿಲಿಗೆ ಇನ್ನೂ ಲೈಸೆನ್ಸ್ ಇಲ್ಲ. ಲೈಸೆನ್ಸ್ ಇಲ್ಲದ ಕಡೆ ನಿಮ್ಮನ್ನು ಕರೆದು ಕೂರಿಸಿದರೆ ಕಥೆಯ ಮೊದಲ ಪುಟದಲ್ಲೇ ನನ್ನ ಮೇಲೆ ಕೇಸು ಬೀಳುತ್ತದೆ.

ಹಾಗಾದರೆ ಮಳೆಯಿಂದ? ಐರ್ಲೆಂಡಿನ ಕಥೆಯಲ್ಲಿ ಮಳೆ ಬರುತ್ತಿತ್ತು ಎಂದರೆ ಯಾರೂ ಸುಳ್ಳು ಎನ್ನುವುದಿಲ್ಲ. ಬರೆದೆ, ಹೊಡೆದು ಹಾಕಿದೆ. ಇಷ್ಟು ವರ್ಷ ಇಲ್ಲೇ ಇದ್ದು ನನಗೇ ಮಳೆಯ ಬಗ್ಗೆ ಹೇಳಲು ಏನೂ ಉಳಿದಿಲ್ಲ.

(ನಾನು ಕುಡಿಯುವುದಿಲ್ಲ ಎಂಬುದನ್ನೂ ಈಗಲೇ ಹೇಳಿಬಿಡುತ್ತೇನೆ. ಆಮೇಲೆ ಗೊತ್ತಾದರೆ ಮೋಸ ಹೋದೆವು ಅಂತೀರಿ. "ಈಜು ಬರದವನು ಸಮುದ್ರದ ಕಥೆ ಬರೆದ ಹಾಗೆ" ಎಂದು ಡಿಂಪ್ನಾ ಆಗಲೇ ಛೇಡಿಸಿ ಆಗಿದೆ.)

೨

ಸರಿ, ವಿಷಯಕ್ಕೆ ಬರುತ್ತೇನೆ. ಡಿಂಪ್ನಾಗೆ ಐವತ್ತು ದಾಟಿದೆ. ಲೀಟ್ರಿಮ್ ಸೀಮೆಯ ಡ್ರಮ್‌ಕೀಲ ಎಂಬ ಊರಿನಲ್ಲಿ ಅರ್ಧ ಆಯುಷ್ಯ ಸ್ಕೂಲ್ ಬಸ್ ಓಡಿಸಿದವಳು. ಊರಿನ ಬಹಳಷ್ಟು ಜನ ಅವಳ ಬಸ್ಸಿನಲ್ಲಿ ವಾಂತಿ ಮಾಡಿಕೊಂಡೇ ದೊಡ್ಡವರಾದದ್ದು. ಹಾಗಾಗಿ ನಾಳೆ ಅವರು ಕುಡಿದು ಅದನ್ನೇ ಮಾಡಿದರೂ ಅವಳಿಗೆ ಹೊಸದೇನಲ್ಲ. ಮುಚ್ಚಿಹೋದ ಹಾಲಿನ ಡೈರಿಯನ್ನು ಬಾಡಿಗೆಗೆ ಹಿಡಿದು, ಸುಣ್ಣ ಬಳಿದು, ಕೌಂಟರ್ ಕೂರಿಸಿ, ಪಬ್ ತೆರೆಯಲು ಲೈಸೆನ್ಸಿಗೆ ಅರ್ಜಿ ಹಾಕಿದ್ದಾಳೆ. ಊರಿನ ಹಳೆಯ ಪಬ್ಬುಗಳಲ್ಲಿ ಒಂದು ಈಗ ಕಟಿಂಗ್ ಶಾಪು. ಇನ್ನೊಂದರ ಸೂರು ಕುಸಿದು ಪಾರಿವಾಳಗಳು ಸಂಸಾರ ಹೂಡಿವೆ.

ಆದರೆ ಈ ದೇಶದಲ್ಲಿ ಹೊಸ ಪಬ್ಬಿಗೆ ಲೈಸೆನ್ಸ್ ಸುಮ್ಮನೆ ಹುಟ್ಟುವುದಿಲ್ಲ. ಎಲ್ಲಾದರೂ ಇರುವ ಒಂದು ಹಳೆಯ ಪಬ್ಬಿನ ಲೈಸೆನ್ಸನ್ನು ಕೊಂಡು, ಕೋರ್ಟಿನಲ್ಲಿ ಅದನ್ನು ಸಾಯಿಸಿ, ಅದರ ಜಾಗದಲ್ಲಿ ನಿಮ್ಮದನ್ನು ಹುಟ್ಟಿಸಿಕೊಳ್ಳಬೇಕು. ಒಂದು ಸತ್ತರೆ ಒಂದು. (ಇದನ್ನು ನಾನು ಕಟ್ಟಿದ್ದಲ್ಲ. ಕಟ್ಟಿದ್ದರೆ ವಿಮರ್ಶಕರು ಇದನ್ನು ರೂಪಕ ಎಂದು ಹೊಗಳಿ ನನ್ನ ಮರ್ಯಾದೆ ತೆಗೆಯುತ್ತಿದ್ದರು.)

೩ (ಹೊಡೆದು ಹಾಕಿದ್ದು)

ಚಿಕ್ಕಂದಿನಿಂದಲೂ ಡಿಂಪ್ನಾಗೆ ಒಂದು ಕನಸಿತ್ತು.

೩ (ಮತ್ತೆ)

"ಯಾವ ಕನಸೂ ಇರ್ಲಿಲ್ಲ" ಎಂದಳು ಡಿಂಪ್ನಾ, ಭುಜದ ಮೇಲಿಂದ ಬಗ್ಗಿ ನೋಡಿ. "ಮ್ಯಾಲಕಿ ವಿಷಯ ಬರಿ. ಅದು ಬಿಟ್ಟು ಬೇರೆ ಕಾರಣ ಹುಡುಕ್ಬೇಡ."

ಮ್ಯಾಲಕಿ ಅವಳ ತಮ್ಮ. ಒಂಟಿಯಾಗಿದ್ದವನು. ಹೋದ ಚಳಿಗಾಲದಲ್ಲಿ ತೀರಿಕೊಂಡ. ಆಸ್ಪತ್ರೆಯಿಂದ ನೇರ ಚರ್ಚಿಗೆ ತಂದು, ಅಲ್ಲಿಂದ ಒಯ್ದು ಮಣ್ಣು ಮಾಡಿದರು. ಆಮೇಲೆ ಜನ ಸ್ಮಶಾನದ ಗೇಟಿನ ಹತ್ತಿರ ಕಾರಿನ ಕೀ ಹಿಡಿದುಕೊಂಡು ನಿಂತರು. ಹೋಗಿ ಕೂರಲು ಊರಿನಲ್ಲಿ ಒಂದು ಜಾಗವಿರಲಿಲ್ಲ. ಚಳಿಗೆ ಕಾಲು ಬದಲಿಸಿದರು, ಕೆಮ್ಮಿದರು, ಒಬ್ಬೊಬ್ಬರೇ ಮನೆಗೆ ಹೋದರು.

"ಒಬ್ರೂ ಅವ್ನ ಬಗ್ಗೆ ಒಂದು ಸುಳ್ಳು ಹೇಳ್ಲಿಲ್ಲ" ಎಂದಳು ಡಿಂಪ್ನಾ. "ಒಂದು ಪಿಂಟ್ ಬಿಯರ್ ಕೈಯಲ್ಲಿದ್ದಿದ್ರೆ, ಮ್ಯಾಲಕಿ ಒಂದ್ಸಲ ಹೋರಿ ಹೊತ್ಕೊಂಡು ಬೆಟ್ಟ ಹತ್ತಿದ್ದ ಅಂತಾನಾದ್ರೂ ಯಾರಾದ್ರೂ ಹೇಳ್ತಿದ್ರು. ನಾಯಿ ಹೂತು ಬಂದಂಗೆ ಬಂದ್ವಿ."

ನಾನು ತಮಾಷೆಯ ಕಥೆ ಬರೆಯಲು ಕೂತವನು, ಏನು ಮಾಡಬೇಕೋ ತೋಚದೆ ಮುಂದಿನ ಭಾಗಕ್ಕೆ ಹೋದೆ.

೪

ಸಾಯಲು ಒಪ್ಪಿದ ಪಬ್ಬು ಮೇಯೋ ಸೀಮೆಯಲ್ಲಿ ಸಿಕ್ಕಿತು. ಡ್ರಮ್‌ಕೀಲದಿಂದ ಕಾರಿನಲ್ಲಿ ಒಂದೂವರೆ ಗಂಟೆ. ಸುತ್ತ ಹೊಲ, ನಡುವೆ ಕೂಡುರಸ್ತೆ, ರಸ್ತೆಯ ಮೂಲೆಗೆ ಉಲ್ಟನ್ ಬರ್ನ್ ಎಂಬ ಎಂಬತ್ತರ ಮುದುಕನ ಪಬ್. ಅವನಿಗೆ ಉಳಿದಿದ್ದ ಗಿರಾಕಿ ಒಬ್ಬನೇ, ಎದುರು ಮನೆಯ ಕೋಲ್ಮನ್. ಅವನು ಒಂದು ಪಿಂಟ್ ಇಟ್ಟುಕೊಂಡು ಇಡೀ ಪೇಪರ್ ಓದುತ್ತಿದ್ದ, ಜಾಹೀರಾತೂ ಬಿಡದೆ.

ಡಿಂಪ್ನಾ ಮೊದಲ ಸಲ ಹೋದಾಗ ಮುದುಕನ ಸೊಂಟದ ಆಪರೇಷನ್ ಬಗ್ಗೆ ಮಾತಾಡಿ ಬಂದಳು. ಎರಡನೇ ಸಲ ಪಕ್ಕದ ಹೊಲದವನ ಬೇಲಿಯ ಬಗ್ಗೆ. ಬಂದ ಕೆಲಸವನ್ನು ಬಾಯಿಬಿಟ್ಟು ಹೇಳುವುದು ಆ ಕಡೆ ಮರ್ಯಾದಸ್ಥರ ಲಕ್ಷಣವಲ್ಲ. ಮೂರನೇ ಸಲ ಚಹಾ ಮುಗಿಸಿ ಅವಳು ಎದ್ದಾಗ ಉಲ್ಟನ್ನೇ ತಡೆದ.

"ಅದೇನೋ ಕೇಳ್ಬೇಕು ಅಂತಿದ್ದೆಯಲ್ಲ ತಾಯಿ."

"ನಾನೆಲ್ಲಿ ಏನ್ ಕೇಳ್ದೆ?"

"ಅದೇ, ಮೂರು ಸಲ ಬಂದು ಕೇಳ್ಲಿಲ್ವಲ್ಲ, ಅದು. ತಗೊಂಡು ಹೋಗು." ಆಮೇಲೆ ಕೌಂಟರನ್ನು ಒಂದು ಸಲ ಒರೆಸಿದ. "ಆದ್ರೆ ಸಾವಿನ ಮನೆ ಮಾಡ್ದೆ ಹಂಗೇ ಹೂಳೋಕೆ ಇದೇನು ಬೆಕ್ಕಾ? ನಮ್ಮಪ್ಪ, ತಾತ ನಿಂತ ಕೌಂಟರು. ಜನ ಬಂದು ಕೂತ್ಕೊಂಡು ಹೋಗ್ಲಿ."

ಆಗಲಿ ಎಂದಳು ಡಿಂಪ್ನಾ. ಅವಳು ಮಾಡಿದ ತಪ್ಪು ಅದೇ. ಕೋರ್ಟು ಆಗಿ, ಲೈಸೆನ್ಸ್ ಸತ್ತ ಮೇಲೆ ಮಾಡಬೇಕಾಗಿದ್ದ ಸಾವಿನ ಮನೆಯನ್ನು ಕೋರ್ಟಿಗೆ ಒಂಬತ್ತು ದಿನ ಮೊದಲೇ, ಒಂದು ಭಾನುವಾರಕ್ಕೆ ಇಟ್ಟುಕೊಂಡರು. ಹೆಣ ಇನ್ನೂ ಉಸಿರಾಡುತ್ತಿತ್ತು. ಆದರೆ ಸಾವಿನ ಮನೆ ಎಂದರೆ, ಸತ್ತವರ ಸುತ್ತ ಊರೇ ಕೂತು ಕುಡಿದು ಕಥೆ ಹೇಳುವುದೆಂದರೆ, ಈ ಜನಕ್ಕೆ ತಡೆದುಕೊಳ್ಳಲು ಆಗುವುದಿಲ್ಲ.

ಶಾಸ್ತ್ರಕ್ಕೆ ಏನೂ ಕಮ್ಮಿಯಾಗಲಿಲ್ಲ. ಗೋಡೆ ಗಡಿಯಾರ ನಿಲ್ಲಿಸಿದರು. ವಿಸ್ಕಿ ಕಂಪನಿಯವರು ಕೊಟ್ಟ ಕನ್ನಡಿಗೆ ಬಿಳಿ ಬಟ್ಟೆ ಹೊದಿಸಿದರು. ಡಿಂಪ್ನಾ ಹ್ಯಾಮ್ ಸ್ಯಾಂಡ್‌ವಿಚ್ ಕಟ್ಟಿಸಿಕೊಂಡು ಬಂದಳು. ಪೂಜೆ ಮುಗಿದದ್ದೇ ಚರ್ಚಿನಿಂದ ಜನ ನೇರ ಬಂದರು. ವರ್ಷಗಟ್ಟಲೆ ಆ ಕಡೆ ತಲೆಯಿಟ್ಟೂ ಮಲಗದವರು ಸಾಲಾಗಿ ನಿಂತು ಉಲ್ಟನ್‌ನ ಕೈ ಕುಲುಕಿ, "ದೊಡ್ಡ ನಷ್ಟ ಉಲ್ಟನ್, ಸಮಾಧಾನ ಮಾಡ್ಕೋ" ಎಂದರು. ಆಮೇಲೆ ಬಿಯರ್ ನಲ್ಲಿಯ ಹಿಡಿಯನ್ನೂ ಕುಲುಕಿ ಸಮಾಧಾನ ಹೇಳಿದರು. ಪಾದ್ರಿ ಒಂದು ಪ್ರಾರ್ಥನೆ ಹೇಳಲು ಬಂದು ಎರಡು ಬಿಸಿ ವಿಸ್ಕಿಗೆ ನಿಂತರು.

ಮಧ್ಯಾಹ್ನದ ಹೊತ್ತಿಗೆ ಕಾಲಿಡಲು ಜಾಗವಿರಲಿಲ್ಲ. ಮುದುಕನ ಸೊಂಟ ಕೈಕೊಟ್ಟಿತು. ಡಿಂಪ್ನಾ ಅಂಗಿಯ ತೋಳು ಮಡಚಿ ಕೌಂಟರಿನ ಹಿಂದೆ ಹೋದಳು. ಒಂದು ಕೈಯಲ್ಲಿ ಪಿಂಟ್ ಹಿಡಿದು, ಇನ್ನೊಂದರಲ್ಲಿ ಗ್ಲಾಸ್ ತೊಳೆದು, ಜಗಳಕ್ಕೆ ನಿಂತ ಇಬ್ಬರನ್ನು ಸ್ಕೂಲ್ ಬಸ್ಸಿನ ದನಿಯಲ್ಲಿ "ಕೂತ್ಕೊಳ್ರೋ" ಎಂದು ಕೂರಿಸಿದಳು. ಅವಳಿಗೆ ಖುಷಿಯಾಗಿತ್ತು, ಮುಚ್ಚಿಡುವುದೇನು ಬಂತು. ತಾನು ಕೊಲ್ಲಲು ಹೊರಟ ಪಬ್ಬಿನಲ್ಲಿ ಅವಳು ಅಷ್ಟು ಖುಷಿಯಾಗಿ ದಿನ ಕಳೆದು ವರ್ಷಗಳಾಗಿದ್ದವು.

ಎಲ್ಲ ಹೋದ ಮೇಲೆ ಉಲ್ಟನ್ ಕನ್ನಡಿಯ ಬಟ್ಟೆ ಎಳೆದು ಮಡಚಿದ.

"ನೋಡಿದ್ಯಾ? ವ್ಯಾಪಾರ ಚೇತರಿಸ್ಕೊಂಡಿದೆ. ಇನ್ನೊಂದು ಭಾನುವಾರ ನೋಡೋಣ."

೫

ಈ ಭಾಗವನ್ನು ಡಿಂಪ್ನಾಳ ಲಾಯರ್ ಟಾರ್ಪಿ ತೆಗೆಸಿದ್ದಾರೆ. ಅವರ ಒಂದು ಮಾತನ್ನು ಮಾತ್ರ ಕದ್ದು ಇಟ್ಟುಕೊಂಡಿದ್ದೇನೆ.

"ನಾನು ಹೆದರಿಸ್ತಿಲ್ಲ ಡಿಂಪ್ನಾ. ಆದ್ರೆ ಮಂಗಳವಾರ ಜಡ್ಜ್ ಆ ಮುದುಕನ್ನ ನಿಲ್ಲಿಸಿ, ಮನಸಾರೆ ಬಿಟ್ಕೊಡ್ತಿದ್ದೀರಾ ಅಂತ ಕೇಳ್ತಾರೆ. ಇಲ್ಲ ಅಂದ್ರೆ ನಿನ್ನ ಅರ್ಜಿ ಹೋಯ್ತು. ಡೈರಿ ಓನರ್ ಆಗ್ಲೇ ಒಬ್ಬ ಟೈರ್ ಅಂಗಡಿಯವನ ಹತ್ರ ಮಾತಾಡಿದ್ದಾನೆ. ನಾನು ಹೆದರಿಸ್ತಿಲ್ಲ."

೬

ಸಾವಿನ ಮನೆ ಆಗಿ ಮುಂದಿನ ಭಾನುವಾರ, ಮಂಗಳವಾರಕ್ಕೆ ಎರಡು ದಿನ ಮುಂಚೆ, ಡಿಂಪ್ನಾ ಮತ್ತೆ ಮೇಯೋಗೆ ಹೋದಳು. ಪಬ್ಬಿನ ಎದುರು, ಕೋಲ್ಮನ್ ಮನೆಯ ಬೇಲಿಗೆ ಒತ್ತಿ ಕಾರು ನಿಲ್ಲಿಸಿ ಒಳಗೇ ಕೂತಳು. ಪಕ್ಕದ ಸೀಟಿನಲ್ಲಿ ನಾನು.

ಯಾರೂ ಬರದಿರಲಿ ಎಂದು ಅವಳು ಗೊತ್ತಿದ್ದ ಸಂತರನ್ನೆಲ್ಲ ಕರೆದಳು. ಸಂತರು ಆ ದಿನ ಬಿಡುವಾಗಿದ್ದರು ಎಂದು ಕಾಣುತ್ತದೆ. ಪೂಜೆ ಮುಗಿಯಿತು, ಕಾರುಗಳು ಒಂದಾದ ಮೇಲೊಂದು ಪಬ್ ದಾಟಿ ಮನೆಯ ಕಡೆ ಹೋದವು. ಒಳಗೆ ಹೋದವನು ಕೋಲ್ಮನ್ ಒಬ್ಬನೇ, ಕಂಕುಳಲ್ಲಿ ಪೇಪರ್.

ಕಿಟಕಿಯಿಂದ ಉಲ್ಟನ್ ಕಾಣುತ್ತಿದ್ದ. ಟೈ ಕಟ್ಟಿದ್ದ. ಗ್ಲಾಸುಗಳನ್ನೆಲ್ಲ ತೊಳೆದು ಸಾಲಾಗಿ ಇಟ್ಟಿದ್ದ. ತಾನೇ ಕೂತು ಸ್ಯಾಂಡ್‌ವಿಚ್ ಕೊಯ್ದಿದ್ದ, ಯಾವುದೂ ನೆಟ್ಟಗಿರಲಿಲ್ಲ.

"ಒಳಗೆ ಹೋಗಬೇಡ" ಎಂದೆ. "ನೀನು ಇಲ್ಲಿಂದಲೇ ಕಾರು ತಿರುಗಿಸಿದರೆ ನನಗೆ ಒಳ್ಳೆಯ ಅಂತ್ಯ ಸಿಗುತ್ತದೆ. ಮುದುಕನಿಗೆ ತಾನಾಗಿ ಅರ್ಥವಾಗುತ್ತೆ, ಮಂಗಳವಾರ ಹೂಂ ಅಂತಾನೆ. ನಿನ್ನ ಕೈಗೆ ಕೊಳೆ ಅಂಟುವುದಿಲ್ಲ."

"ನಿಂಗೆ ಅಂತ್ಯ ಸಿಗುತ್ತೆ. ನಂಗೆ ನಿದ್ದೆ ಬರಲ್ಲ" ಎಂದು ಬಾಗಿಲು ಬಡಿದು ಇಳಿದಳು.

ನಾನೂ ಹಿಂದೆ ಹೋದೆ. ಕಥೆಗಾರನಿಗೆ ಬೇರೆ ಗತಿ ಏನಿದೆ.

ಉಲ್ಟನ್ ಅವಳಿಗೆ ನಿಂಬೆ ಸೋಡಾ ಕೊಟ್ಟ. ನನ್ನ ಕಡೆ ನೋಡಿ, "ಇವ್ನು ಏನ್ ಕುಡೀತಾನೆ?" ಎಂದ.

"ಅವ್ನು ಬರೀ ನೋಡೋದು" ಎಂದಳು ಡಿಂಪ್ನಾ. ನನಗೆ ಚಹಾ ಬಂತು.

"ಇವತ್ತು ಮ್ಯಾಚ್ ಇರ್ಬೇಕು. ಅದಕ್ಕೇ ಜನ ಇಲ್ಲ" ಎಂದ ಉಲ್ಟನ್.

"ಮ್ಯಾಚ್ ನಿನ್ನೆ" ಎಂದ ಕೋಲ್ಮನ್, ಪೇಪರಿನಿಂದ ಕಣ್ಣೆತ್ತದೆ.

ಉಲ್ಟನ್ ಬಾಗಿಲಿನ ಕಡೆ ನೋಡಿದ. ಆಮೇಲೆ ಡಿಂಪ್ನಾಳನ್ನು ಕೇಳಿದ. "ನೀನು ಹೇಳು ತಾಯಿ. ಬರಲ್ಲ, ಅಲ್ವಾ?"

ಓದುಗರೇ, ಇಲ್ಲಿ ಅವಳು ಹೇಳಬೇಕಾಗಿದ್ದುದು ಒಂದೇ ಮಾತು. ಬರಲ್ಲ. ಅದು ನಿಜವೂ ಹೌದು, ಲಾಭವೂ ಹೌದು. ಅವೆರಡೂ ಒಟ್ಟಿಗೆ ಸಿಗುವುದು ಅಪರೂಪ. ನಾನು ಅವಳ ಬಾಯಿಗೆ ಆ ಮಾತು ಬರೆದೂ ಇಟ್ಟಿದ್ದೆ.

"ಆ ಕಡೆ ರಸ್ತೆ ಅಗೆದಿದ್ದಾರೆ" ಎಂದಳು ಡಿಂಪ್ನಾ. "ಸುತ್ತು ಹಾಕ್ಕೊಂಡು ಬರ್ಬೇಕು. ಲೇಟಾಗುತ್ತೆ."

ಕೋಲ್ಮನ್ ಮೊದಲ ಸಲ ಪೇಪರ್ ಕೆಳಗಿಳಿಸಿದ. ಅವನ ಮನೆ ಆ ರಸ್ತೆಯ ಮೇಲೇ ಇದೆ. ಅವಳನ್ನು ಒಂದು ಕ್ಷಣ ನೋಡಿದ.

"ಹೌದು, ಅಗೆದಿದ್ದಾರೆ. ದೊಡ್ಡ ಗುಂಡಿ" ಎಂದ.

"ಹಂಗಾದ್ರೆ ಕಾಯೋಣ" ಎಂದು ಉಲ್ಟನ್ ಇನ್ನೊಂದು ಸೌದೆ ಬೆಂಕಿಗೆ ಹಾಕಿದ.

೭

ಅವರು ಕಾಯುತ್ತಿರಲಿ. ಅಷ್ಟರಲ್ಲಿ ನಾವು ಮಂಗಳವಾರವನ್ನು ಮುಗಿಸಿಬಿಡೋಣ. ನನ್ನ ಹತ್ತಿರ ಮೂರು ಅಂತ್ಯಗಳಿವೆ, ಬೇಕಾದದ್ದನ್ನು ಎತ್ತಿಕೊಳ್ಳಿ.

ಅ) ಉಲ್ಟನ್ ಕೋರ್ಟಿನಲ್ಲಿ ಹೂಂ ಅನ್ನುತ್ತಾನೆ. ಡ್ರಮ್‌ಕೀಲದಲ್ಲಿ ಪಬ್ ತೆರೆಯುತ್ತದೆ, ಅವನೇ ಬಂದು ಮೊದಲ ಪಿಂಟ್ ಹಿಡಿಯುತ್ತಾನೆ, ಎಲ್ಲರ ಕಣ್ಣಲ್ಲಿ ನೀರು. ಇದನ್ನು ಓದಿ ಕೋಲ್ಮನ್ ಕೇಳಿದ: "ನಾನೆಲ್ಲಿ ಹೋಗ್ಲಿ? ಇದ್ರಲ್ಲಿ ನನ್ನ ಹೆಸ್ರೇ ಇಲ್ಲ." ಹುಡುಕಿದೆ. ನಿಜವಾಗಿಯೂ ಇರಲಿಲ್ಲ.

ಆ) ಉಲ್ಟನ್ ಒಲ್ಲೆ ಅನ್ನುತ್ತಾನೆ. ಡೈರಿ ಟೈರ್ ಅಂಗಡಿಯಾಗುತ್ತದೆ. ಡ್ರಮ್‌ಕೀಲದವರು ಮುಂದಿನ ಹೆಣವನ್ನೂ ಹೂತು, ಕಾರಿನ ಕೀ ಹಿಡಿದು ಗೇಟಿನಲ್ಲಿ ನಿಲ್ಲುತ್ತಾರೆ. ಡಿಂಪ್ನಾ ಇದನ್ನು ಓದಿ, ಕೆಳಮುಖ ಮಾಡಿ ಮೇಜಿನ ಮೇಲೆ ಇಟ್ಟಳು. ಹಾಳೆಯನ್ನು ನಾನೇ ಹರಿದೆ.

ಇ) ಡಿಂಪ್ನಾ ಮೇಯೋಗೆ ಬಂದು ಉಲ್ಟನ್‌ನ ಪಬ್ಬನ್ನೇ ನಡೆಸುತ್ತಾಳೆ. ಇದು ನನಗೆ ಬಹಳ ಹಿಡಿಸಿತ್ತು, ಒಂದೇ ಏಟಿಗೆ ಎಲ್ಲರೂ ಸುಖ.

"ನಾನಿನ್ನೂ ಇಲ್ಲೇ ನಿಂತಿದ್ದೀನಿ ಕಣಯ್ಯ" ಎಂದ ಉಲ್ಟನ್. "ನನ್ನ ಜಾಗಕ್ಕೆ ಆಗ್ಲೇ ಆಳು ಹುಡುಕ್ದ್ಯಾ?"

"ಡ್ರಮ್‌ಕೀಲದಲ್ಲಿ ಸತ್ತೋರಿಗೆ ಮೇಯೋಗೆ ಬಂದು ಅಳ್ಬೇಕಾ?" ಎಂದಳು ಡಿಂಪ್ನಾ. "ಇಷ್ಟೇನಾ ನಿನ್ನ ತಲೆ ಓಡೋದು? ಸುಮ್ನೆ ಚಹಾ ಕುಡಿ."

ಮೂರೂ ಹೋದವು. ಚಹಾ ಆರಿತ್ತು, ಆದರೂ ಕುಡಿದೆ.

೯

(ಎಂಟನೆಯ ಭಾಗದಲ್ಲಿ ತೀರ್ಪು ಬರಬೇಕಾಗಿತ್ತು. ಅದನ್ನು ಬರೆಯುವುದಿಲ್ಲ. ಲೈಸೆನ್ಸ್ ಸಿಕ್ಕಿತೋ ಇಲ್ಲವೋ ತಿಳಿಯಲೇಬೇಕು ಎನ್ನುವವರು ಮಂಗಳವಾರ ಬೆಳಗ್ಗೆ ಕೋರ್ಟಿಗೆ ಹೋಗಿ. ಹಿಂದಿನ ಬೆಂಚಿನಲ್ಲಿ ಜಾಗವಿರುತ್ತದೆ, ಹೀಟರ್ ಕೆಲಸ ಮಾಡುವುದಿಲ್ಲ, ಕೋಟು ಹಾಕಿಕೊಳ್ಳಿ. ನಾನು ಬರುವುದಿಲ್ಲ. ಉಲ್ಟನ್ ಏನು ಹೇಳುತ್ತಾನೆಂದು ಅವನಿಗೇ ಗೊತ್ತಿಲ್ಲದಿರುವಾಗ ನಾನು ಮೊದಲೇ ತಿಳಿದುಕೊಂಡು ಕೂರುವುದು ಅಷ್ಟು ಸರಿ ಕಾಣುವುದಿಲ್ಲ.)

ಇಲ್ಲಿ ಇನ್ನೂ ಭಾನುವಾರ. ಉಲ್ಟನ್ ಬೆಂಕಿಯ ಹತ್ತಿರ ಕೈ ಕಾಯಿಸುತ್ತಿದ್ದಾನೆ. ಕೋಲ್ಮನ್ ಕೊನೆಯ ಪುಟಕ್ಕೆ ಬಂದು, ಬೇಗ ಮುಗಿಯಬಾರದೆಂದು ಮತ್ತೆ ಮೊದಲ ಪುಟಕ್ಕೆ ತಿರುಗಿಸಿದ್ದಾನೆ. ಡಿಂಪ್ನಾ ಆಗಲೇ ಹೊರಡಬೇಕಾಗಿತ್ತು, ಹೊರಟಿಲ್ಲ.

ದೂರದಲ್ಲಿ ಒಂದು ಕಾರಿನ ಸದ್ದು.

ಉಲ್ಟನ್ ಎದ್ದು ಟೈ ಸರಿಮಾಡಿಕೊಂಡು ಕೌಂಟರಿನ ಹಿಂದೆ ಹೋಗಿ ನಿಲ್ಲುತ್ತಾನೆ. ಸದ್ದು ಹತ್ತಿರವಾಗುತ್ತದೆ, ನಿಧಾನವಾಗುತ್ತದೆ. (ಅಲ್ಲೊಂದು ತಿರುವಿದೆ, ಎಲ್ಲ ಕಾರೂ ನಿಧಾನವಾಗುತ್ತವೆ.) ನಾನು ಕಿಟಕಿಗೆ ಬೆನ್ನು ಹಾಕಿ ಕೂತಿದ್ದೇನೆ, ತಿರುಗಿ ನೋಡುವುದಿಲ್ಲ. ನನಗೆ ಕಾಣುವುದು ಡಿಂಪ್ನಾಳ ಮುಖ ಮಾತ್ರ. ತನಗೆ ಪಬ್ ಸಿಗಬೇಕಾದರೆ ಆ ಕಾರು ನಿಲ್ಲದೆ ಮುಂದೆ ಹೋಗಬೇಕು, ಅದು ಅವಳಿಗೆ ಚೆನ್ನಾಗಿ ಗೊತ್ತು. ಅವಳು ಸೋಡಾ ಗ್ಲಾಸನ್ನು ಎರಡು ಕೈಯಲ್ಲೂ ಒತ್ತಿ ಹಿಡಿದು, ಹಲ್ಲು ಕಚ್ಚಿಕೊಂಡು, ಯಾರಿಗೂ ಕೇಳಿಸದ ಹಾಗೆ ಹೇಳುತ್ತಿದ್ದಾಳೆ:

"ನಿಲ್ಸೋ, ದರಿದ್ರದವ್ನೇ. ನಿಲ್ಸೋ."